ಪ್ರಾಣವಾಯುವೂ ಮುಪ್ಪೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮನೆಗಳಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಶೇಂಗಾ ಎಣ್ಣೆಯ ಗುಣದೋಷಗಳನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾದದ್ದಿಲ್ಲ. ಗಾಣದಿಂದ ತಂದ ಹೊಸ ಎಣ್ಣೆಯ ಪರಿಮಳವು ಒಂದು ಬಗೆಯದು. ಅದೇ ಎಣ್ಣೆಯನ್ನು ಬೇಸಗೆಯ ದಿನಗಳಲ್ಲಿ ಬಾಯಿ ತೆರೆದ ಪಾತ್ರೆಯಲ್ಲಿ ಬಿಸಿಲು ಬೀಳುವ ಕಡೆ ಇಟ್ಟರೆ ಕೆಲವು ವಾರಗಳೊಳಗೆ ಅದಕ್ಕೆ ಹತ್ತುವ ಕಮಟು ನಾತವು ಬೇರೊಂದು ಬಗೆಯದು. ಎಣ್ಣೆಯೊಳಗೆ ಯಾರೂ ಏನನ್ನೂ ಬೆರಸಲಿಲ್ಲ, ಹುಳು ಬೀಳಲಿಲ್ಲ. ಹಾಗಾದರೆ ಕೆಟ್ಟದ್ದು ಹೇಗೆ? ಗಾಳಿಯಲ್ಲಿರುವ ಪ್ರಾಣವಾಯುವು, ಅಂದರೆ ಆಮ್ಲಜನಕವು, ಎಣ್ಣೆಯ ಕಣಗಳೊಂದಿಗೆ ಕೂಡಿಕೊಂಡು ಅವುಗಳನ್ನು ಒಡೆದುಹಾಕಿತು. ಮಳೆಗಾಲದಲ್ಲಿ ಹೊರಗೆ ಮರೆತು ಬಿಟ್ಟ ಕುಡುಗೋಲಿಗೆ ತುಕ್ಕು ಹಿಡಿಯುವುದೂ ಹೆಚ್ಚಿಟ್ಟ ಬದನೆಕಾಯಿಯ ಹೋಳು ಕಪ್ಪಾಗುವುದೂ ಇದೇ ವಾಯುವಿನ ಕೆಲಸವೇ. ಈ ಬಗೆಯ ಮಾರ್ಪಾಡಿಗೆ ರಸಾಯನಶಾಸ್ತ್ರದಲ್ಲಿ ಉತ್ಕರ್ಷಣವೆಂದು ಹೆಸರು.

ಯಾವ ವಾಯುವಿಲ್ಲದೆ ನಾವು ಕೆಲವೇ ನಿಮಿಷಗಳಷ್ಟು ಬದುಕಲಾರೆವೋ ಅದೇ ವಾಯುವು ಎಣ್ಣೆಯನ್ನು ಕೆಡಿಸಿ ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ದೇಹದಲ್ಲಿಯೂ ಕೊಬ್ಬು ಇರುವುದು, ಕಬ್ಬಿಣವೂ ಇರುವುದು. ಹಾಗಿದ್ದರೆ ಹೊರಗೆ ನಡೆಯುವ ಈ ಕೇಡು ದೇಹದೊಳಗೂ ನಡೆಯುವುದೋ? ನಡೆಯುವುದಾದರೆ ದೇಹಕ್ಕೆ ಅದರಿಂದ ಕಾಪಾಡಿಕೊಳ್ಳುವ ಉಪಾಯವುಂಟೋ? ನಾವು ಮುಪ್ಪೆಂದು ಕರೆಯುವುದು ಕಡೆಗೆ ಈ ಕೇಡಿನ ಫಲವೋ? ಮೊದಲಿನ ಎರಡು ಪ್ರಶ್ನೆಗಳಿಗೆ ಶಾಸ್ತ್ರಜ್ಞರು ಸ್ಪಷ್ಟವಾದ ಉತ್ತರವನ್ನು ಕೊಡಬಲ್ಲರು. ಮೂರನೆಯದರ ವಿಷಯದಲ್ಲಿ ಎಪ್ಪತ್ತು ವರುಷಗಳಿಂದ ವಾದವು ನಡೆದುಬಂದಿದೆ. ಆ ವಾದದಲ್ಲಿ ಸಾಕ್ಷಿ ಹೇಳಿದವುಗಳಲ್ಲಿ ಮುಖ್ಯವಾದವು ಪ್ರಯೋಗಶಾಲೆಯ ಇಲಿಗಳು, ನೊಣಗಳು, ಹುಳುಗಳು.

ಇದು ಬರಿಯ ಪಂಡಿತರ ವಾದವಾಗಿದ್ದರೆ ಈ ಸ್ಮರಣ ಸಂಚಿಕೆಯ ಪುಟಗಳನ್ನು ನಾನು ಇದಕ್ಕಾಗಿ ಕೇಳಿಕೊಳ್ಳುತ್ತಿರಲಿಲ್ಲ. ಆದರೆ ಈಗ ಸಣ್ಣ ಊರುಗಳ ಔಷಧದ ಅಂಗಡಿಗಳಲ್ಲಿಯೂ ‘ಆಂಟಿಆಕ್ಸಿಡೆಂಟ್’ ಎಂಬ ಹೆಸರನ್ನು ಹೊತ್ತ ಗುಳಿಗೆಗಳೂ ಪುಡಿಗಳೂ ಮಾರಾಟಕ್ಕಿವೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗಳು ಊರಿನಲ್ಲಿರುವ ತಾಯಿಗೆ, ಅತ್ತೆಗೆ, ಮುಪ್ಪು ತಡವಾಗಿ ಬರಲೆಂದು ಪ್ರೀತಿಯಿಂದ ಇವುಗಳನ್ನು ಕಳುಹಿಸಿಕೊಡುವಳು. ಅಂಥ ಮಗಳೂ ಅಂಥ ತಾಯಿಯೂ ಈ ಸಂಚಿಕೆಯ ವಾಚಕರಲ್ಲಿ ಇರುವರು. ಆ ಹಣವು ಸಾರ್ಥಕವಾಗುವುದೋ, ಅದರಿಂದ ಕೇಡೇನಾದರೂ ಉಂಟೋ ಎಂಬುದನ್ನು ತಿಳಿಯಬೇಕಾದರೆ ಗುಳಿಗೆಯ ಮೇಲಿನ ಹೆಸರು ಎಲ್ಲಿಂದ ಹುಟ್ಟಿತೆಂಬುದನ್ನು ಮೊದಲು ತಿಳಿಯತಕ್ಕದ್ದು.

ನಾವು ತಿಂದ ಜೋಳದ ರೊಟ್ಟಿಯು ಜೀರ್ಣವಾಗಿ ರಕ್ತದ ಮೂಲಕ ದೇಹದ ಪ್ರತಿಯೊಂದು ಜೀವಕೋಶವನ್ನೂ ಸೇರುವುದು. ಜೀವಕೋಶದೊಳಗೆ ಮೈಟೊಕಾಂಡ್ರಿಯಗಳೆಂಬ ಅತಿ ಸೂಕ್ಷ್ಮವಾದ ಒಲೆಗಳಿವೆ. ಆಹಾರದಿಂದ ಬಿಡಿಸಿದ ಎಲೆಕ್ಟ್ರಾನುಗಳನ್ನು ಅಲ್ಲಿ ಕೈಯಿಂದ ಕೈಗೆ ದಾಟಿಸುತ್ತ ಬಂದು ಕೊನೆಯಲ್ಲಿ ಆಮ್ಲಜನಕಕ್ಕೆ ಒಪ್ಪಿಸುವರು ಎಂದು ಭಾವಿಸಿಕೊಳ್ಳಿರಿ. ಆಮ್ಲಜನಕದ ಒಂದು ಅಣುವು ನಾಲ್ಕು ಎಲೆಕ್ಟ್ರಾನುಗಳನ್ನು ಒಟ್ಟಿಗೆ ಪಡೆದರೆ ಶುದ್ಧವಾದ ನೀರಾಗುವುದು. ಯಾವ ಅಪಾಯವೂ ಇಲ್ಲ. ಆದರೆ ದಾಟಿಸುವ ಕೆಲಸದಲ್ಲಿ ಅಲ್ಲೊಂದು ಇಲ್ಲೊಂದು ಎಲೆಕ್ಟ್ರಾನು ದಾರಿಯಲ್ಲಿ ಸೋರಿ, ಆಮ್ಲಜನಕಕ್ಕೆ ಒಂದೇ ಒಂದು ಎಲೆಕ್ಟ್ರಾನು ಅಂಟಿಕೊಳ್ಳುವುದುಂಟು. ಹೀಗೆ ಹುಟ್ಟಿದ್ದಕ್ಕೆ ಸೂಪರಾಕ್ಸೈಡ್ ಎಂದು ಹೆಸರು. ಎರಡು ಅಂಟಿದರೆ ಹೈಡ್ರೊಜನ್ ಪೆರಾಕ್ಸೈಡ್, ಗಾಯ ತೊಳೆಯಲು ಔಷಧಾಲಯದಲ್ಲಿ ದೊರೆಯುವ ಅದೇ ದ್ರವ. ಈ ಪೆರಾಕ್ಸೈಡಿಗೆ ಬಿಡಿ ಕಬ್ಬಿಣವು ಸಿಕ್ಕಿತೆಂದರೆ ಹೈಡ್ರಾಕ್ಸಿಲ್ ಎಂಬ ಮೂರನೆಯದು ಹುಟ್ಟುವುದು. ಕಬ್ಬಿಣದ ಈ ಗುಣವನ್ನು ೧೮೯೪ರಲ್ಲಿಯೇ ಫೆಂಟನ್ ಎಂಬ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞನು ಕಂಡಿದ್ದನು. ಹೈಡ್ರಾಕ್ಸಿಲು ತಾನು ಹುಟ್ಟಿದ ಕ್ಷಣದಲ್ಲಿಯೇ ಪಕ್ಕದಲ್ಲಿರುವುದನ್ನು, ಅದು ಕೊಬ್ಬಾಗಲಿ ಪ್ರೋಟೀನಾಗಲಿ ವಂಶವಾಹಿಯ ತಂತುವಾಗಲಿ, ಕಡಿಯದೆ ಬಿಡದು.

ಕೊಬ್ಬಿನ ಮೇಲೆ ಬಿದ್ದಾಗ ಆಗುವ ಹಾನಿಯು ಬಹು ವಿಚಿತ್ರವಾದದ್ದು. ಪೆಟ್ಟು ತಿಂದ ಕೊಬ್ಬಿನ ಕಣವು ತನ್ನ ನೆರೆಯ ಕಣವನ್ನು ಕೆಡಿಸುವುದು, ಅದು ತನ್ನ ನೆರೆಯದನ್ನು. ಬಣವೆಗೆ ಬಿದ್ದ ಕಿಡಿಯಂತೆ ಒಂದೇ ಪೆಟ್ಟು ಸಾಲಾಗಿ ಹರಡುವುದು. ಎಣ್ಣೆಗೆ ಕಮಟು ಹತ್ತುವಾಗ ನಡೆಯುವುದು ಇದೇ ಕ್ರಿಯೆ. ಜೀವಕೋಶದ ಪೊರೆಯಲ್ಲಿ ನಡೆಯುವುದೂ ಇದೇ. ಆದದರಿಂದಲೇ ನಾನು ಎಣ್ಣೆಯಿಂದ ಮೊದಲು ಮಾಡಿದೆನು.

ಇನ್ನು ದೇಹವು ತನ್ನನ್ನು ಕಾಪಾಡಿಕೊಳ್ಳುವ ಬಗೆ. ಇದರ ಕಥೆಯಲ್ಲಿ ಒಂದು ಭಾಗವು ವಿನೋದವಾಗಿದೆ. ೧೯೩೮ರಲ್ಲಿ ಕೇಂಬ್ರಿಜ್ಜಿನಲ್ಲಿ ಮ್ಯಾನ್ ಮತ್ತು ಕೈಲಿನ್ ಎಂಬ ಇಬ್ಬರು ಎತ್ತಿನ ರಕ್ತದಿಂದ ತಾಮ್ರವನ್ನೊಳಗೊಂಡ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ನೋಡುವುದಕ್ಕೆ ನೀಲಿ ಛಾಯೆಯದು. ಅದರಿಂದ ದೇಹಕ್ಕೆ ಏನು ಉಪಯೋಗವೆಂದು ಯಾರಿಗೂ ತಿಳಿಯಲಿಲ್ಲ. ಬಹುಶಃ ದೇಹವು ತಾಮ್ರವನ್ನು ಕೂಡಿಡುವ ಡಬ್ಬಿ ಇದಾಗಿರಬಹುದೆಂದು ಭಾವಿಸಿ ಸುಮ್ಮನಾದರು. ಮೂವತ್ತೊಂದು ವರುಷಗಳ ತರುವಾಯ, ೧೯೬೯ರಲ್ಲಿ, ಅಮೇರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಇರ್ವಿನ್ ಫ್ರಿಡೊವಿಚ್ ಮತ್ತು ಅವನ ಶಿಷ್ಯ ಜೋ ಮೆಕಾರ್ಡ್ ಎಂಬವರು ಆ ‘ಡಬ್ಬಿ’ಯು ನಿಜವಾಗಿ ಸೂಪರಾಕ್ಸೈಡನ್ನು ಅಳಿಸುವ ಕಿಣ್ವವೆಂದು ತೋರಿಸಿಕೊಟ್ಟರು. ಅದಕ್ಕೆ ಸೂಪರಾಕ್ಸೈಡ್ ಡಿಸ್ಮ್ಯೂಟೇಸ್ ಎಂದು ಹೆಸರಿಟ್ಟರು. ನಾಮವು ಉದ್ದವಾದರೂ ಕೆಲಸವು ಚಿಕ್ಕದು: ಎರಡು ಸೂಪರಾಕ್ಸೈಡುಗಳನ್ನು ಕೂಡಿಸಿ ಒಂದನ್ನು ಆಮ್ಲಜನಕವಾಗಿಯೂ ಮತ್ತೊಂದನ್ನು ಪೆರಾಕ್ಸೈಡಾಗಿಯೂ ಮಾರ್ಪಡಿಸುವುದು. ತಾಮ್ರ ಮತ್ತು ಸತುವಿನಿಂದ ಕೂಡಿದ ಬಗೆಯು ಹೆಚ್ಚಾಗಿ ಜೀವಕೋಶದ ರಸದಲ್ಲಿರುವುದು. ಮ್ಯಾಂಗನೀಸಿನಿಂದ ಕೂಡಿದ್ದು ಮೈಟೊಕಾಂಡ್ರಿಯದೊಳಗೆ, ಅಂದರೆ ಒಲೆಯ ಬಾಯಲ್ಲಿಯೇ, ಕಾವಲಿರುವುದು. ಕೋಶಗಳ ಹೊರಗಿರುವ ಮೂರನೆಯ ಬಗೆಯನ್ನು ೧೯೮೨ರಲ್ಲಿ ಕಂಡುಹಿಡಿದರು.

ಸೂಪರಾಕ್ಸೈಡು ಹೋದರೂ ಪೆರಾಕ್ಸೈಡು ಉಳಿಯಿತಷ್ಟೆ? ಅದನ್ನು ನೋಡಿಕೊಳ್ಳುವುದಕ್ಕೆ ಕೆಟಲೇಸ್ ಎಂಬ ಕಿಣ್ವವಿದೆ. ಇದರ ಒಂದೊಂದು ಅಣುವೂ ಸೆಕೆಂಡಿಗೆ ದಶಲಕ್ಷಗಟ್ಟಲೆ ಪೆರಾಕ್ಸೈಡ್ ಅಣುಗಳನ್ನು ನೀರಾಗಿಯೂ ಆಮ್ಲಜನಕವಾಗಿಯೂ ಒಡೆಯಬಲ್ಲದು. ಇದನ್ನು ಕಣ್ಣಾರೆ ಕಾಣಬೇಕೆಂಬವರು ಹಸಿ ಆಲೂಗಡ್ಡೆಯ ಒಂದು ಹೋಳಿನ ಮೇಲೆ ಔಷಧಾಲಯದ ಪೆರಾಕ್ಸೈಡಿನ ಕೆಲವು ತೊಟ್ಟುಗಳನ್ನು ಹಾಕಿ ನೋಡಲಿ. ಬಿಳಿಯ ನೊರೆಯು ಬುಸುಬುಸನೆ ಏಳುವುದು. ಬೇಯಿಸಿದ ಹೋಳಿನ ಮೇಲೆ ಹಾಕಿದರೆ ನೊರೆ ಏಳದು, ಯಾಕಂದರೆ ಕುದಿಯುವ ಶಾಖಕ್ಕೆ ಕಿಣ್ವವು ಕೆಟ್ಟುಹೋಗಿರುವುದು. ಮೂರನೆಯದು ಗ್ಲುಟಾಥಯೋನ್ ಪೆರಾಕ್ಸಿಡೇಸ್. ಇದಕ್ಕೆ ಸೆಲೆನಿಯಮ್ ಎಂಬ ಧಾತುವು ಅವಶ್ಯವೆಂದು ೧೯೭೩ರಲ್ಲಿ ತಿಳಿದುಬಂತು. ಇವುಗಳ ಹೊರತಾಗಿ ಕೊಬ್ಬಿನ ಪೊರೆಯಲ್ಲಿ ಕುಳಿತು ಕಿಡಿಯ ಸಾಲನ್ನು ನಡುವೆ ಕಡಿಯುವುದು ಇ ಜೀವಸತ್ವ. ಅದನ್ನು ೧೯೨೨ರಲ್ಲಿ ಈವನ್ಸ್ ಎಂಬವನೂ ಕ್ಯಾಥರೀನ್ ಬಿಷಪ್ ಎಂಬ ಮಹಿಳೆಯೂ ಇಲಿಗಳನ್ನು ಸಾಕುತ್ತ ಕಂಡುಹಿಡಿದರು.

ಇಲ್ಲಿ ಒಂದು ಭೇದವನ್ನು ಚೆನ್ನಾಗಿ ಗಮನಿಸತಕ್ಕದ್ದು. ಜೀವಸತ್ವವನ್ನು ನಾವು ತಿಂದು ಪಡೆಯುವೆವು. ಕಿಣ್ವಗಳನ್ನು ದೇಹವು ತಾನೇ ತಯಾರಿಸಿಕೊಳ್ಳಬೇಕು. ಕಿಣ್ವವೆಂದರೆ ಪ್ರೋಟೀನು. ಅದನ್ನು ಗುಳಿಗೆಯಲ್ಲಿ ತುಂಬಿ ನುಂಗಿದರೆ ಹೊಟ್ಟೆಯು ಅದನ್ನು ತೊಗರಿಬೇಳೆಯ ಪ್ರೋಟೀನಿನಂತೆಯೇ ಒಡೆದು ಜೀರ್ಣಿಸುವುದು.

ಹುಟ್ಟುವ ಕಿಡಿಗಳೂ ಅವುಗಳನ್ನು ಆರಿಸುವ ಕಾವಲುಗಾರರೂ ಸರಿಸಮವಾಗಿರುವ ತನಕ ಚಿಂತೆಯಿಲ್ಲ. ಕಿಡಿಗಳು ಮಿಕ್ಕಾಗ ಉಂಟಾಗುವ ಸ್ಥಿತಿಗೆ ಉತ್ಕರ್ಷಣ ಒತ್ತಡವೆಂಬ ಹೆಸರು. ೧೯೮೫ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ಎಂಬವನು ಆ ಹೆಸರನ್ನು ಬಳಕೆಗೆ ತಂದನು. ಆದರೆ ಮುಪ್ಪಿನೊಂದಿಗೆ ಅದರ ಸಂಬಂಧವನ್ನು ಮೊದಲು ಊಹಿಸಿದವನು ಅಮೇರಿಕದ ಡೆನ್ಹಾಂ ಹಾರ್ಮನ್. ೧೯೫೬ರಲ್ಲಿ ಅವನು ಬರೆದ ಲೇಖನದ ಸಾರವಿಷ್ಟೆ: ಉಸಿರಾಟದಲ್ಲಿ ಹುಟ್ಟುವ ಇಂಥ ಕಣಗಳು ದಿನದಿನವೂ ಮಾಡುವ ಸಣ್ಣ ಸಣ್ಣ ಹಾನಿಗಳು ಕೂಡುತ್ತ ಕೂಡುತ್ತ ಬರುವುದೇ ಮುಪ್ಪು. ಡಿಸ್ಮ್ಯೂಟೇಸ್ ಇನ್ನೂ ಗೊತ್ತಾಗದಿದ್ದ ಕಾಲದಲ್ಲಿ ಹೇಳಿದ ಮಾತಾದದ್ದರಿಂದ ಬಹುಮಂದಿ ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ೧೯೬೯ರ ತರುವಾಯ ಮಾತ್ರ ಅದಕ್ಕೆ ಬಲ ಬಂತು. ದೇಹದಲ್ಲಿ ಇಷ್ಟು ಕಾವಲಿದ್ದ ಮೇಲೆ ಕಳ್ಳನೂ ಇರಲೇಬೇಕಲ್ಲವೇ ಎಂದು ಶಾಸ್ತ್ರಜ್ಞರು ತರ್ಕಿಸಿದರು.

ಊಹೆಯನ್ನು ಪರೀಕ್ಷಿಸುವುದು ಹೇಗೆ? ಮನುಷ್ಯನ ಮುಪ್ಪನ್ನು ನೋಡುತ್ತ ಕೂತರೆ ನೋಡುವವನೇ ಮುದುಕನಾಗುವನು. ಬಿಳಿಯ ಇಲಿಯಾದರೋ ಎರಡು ವರುಷಕ್ಕೆ ಮುದಿಯಾಗುವುದು. ಮೂರು ವರುಷ ಬದುಕಿದರೆ ದೀರ್ಘಾಯುಷ್ಯ. ಪ್ರಯೋಗಶಾಲೆಗಳಲ್ಲಿ ಬಹಳವಾಗಿ ಬಳಸುವ ವಿಸ್ಟಾರ್ ಇಲಿಯ ವಂಶವು ಅಮೇರಿಕದ ಫಿಲಡೆಲ್ಫಿಯದ ಒಂದು ಸಂಸ್ಥೆಯಿಂದ ಬಂದದ್ದು. ಇಂಥ ಪ್ರಾಣಿಗಳನ್ನು ಮನಬಂದಂತೆ ನಡೆಸುವ ಹಾಗಿಲ್ಲ. ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯಂತೆ ನೇಮಕವಾದ ಸಮಿತಿಯು ನಮ್ಮ ದೇಶದಲ್ಲಿ ಇದರ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತದೆ.

ಈ ಕೆಲಸವು ದೂರದ ದೇಶಗಳಲ್ಲಿ ಮಾತ್ರ ನಡೆದದ್ದಲ್ಲ. ನಮ್ಮ ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಮುಪ್ಪಿನ ಅಧ್ಯಯನಕ್ಕೆಂದೇ ಒಂದು ಪ್ರಯೋಗಶಾಲೆಯನ್ನು ನಡೆಸಿದವರು ಪ್ರಾಧ್ಯಾಪಿಕೆ ಎಸ್. ಆಶಾ ದೇವಿಯವರು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಈ ಹೆಸರನ್ನು ಬರೆಯುವುದು ನನಗೆ ಸಂತೋಷ. ಅವರೂ ಅವರ ಸಂಗಡಿಗರೂ ಕೇಳಿದ ಪ್ರಶ್ನೆಯು ಮನೆಯ ಹಿರಿಯರ ಬಾಯಿಂದ ಬಂದಂತೆಯೇ ಇದೆ: ವಯಸ್ಸಾಗುತ್ತ ಬಂದ ದೇಹಕ್ಕೆ ವ್ಯಾಯಾಮವು ಹಿತವೋ, ಇ ಜೀವಸತ್ವವು ಹಿತವೋ, ಅಥವಾ ಎರಡೂ ಕೂಡಿ ಹಿತವೋ? ಬೇರೆ ಬೇರೆ ವಯಸ್ಸಿನ ಇಲಿಗಳನ್ನು ಗುಂಪುಗಳಾಗಿ ವಿಂಗಡಿಸಿದರು. ಕೆಲವಕ್ಕೆ ದಿನವೂ ಈಜುವ ಅಭ್ಯಾಸ, ಕೆಲವಕ್ಕೆ ಆಹಾರದೊಂದಿಗೆ ಇ ಜೀವಸತ್ವ, ಕೆಲವಕ್ಕೆ ಎರಡೂ, ಕೆಲವಕ್ಕೆ ಎರಡೂ ಇಲ್ಲ. ಯಾವುದೂ ಇಲ್ಲದ ಈ ಕೊನೆಯ ಗುಂಪೇ ಪ್ರಯೋಗದ ಪ್ರಾಣ. ಅದಿಲ್ಲದಿದ್ದರೆ ಹೋಲಿಸುವುದಕ್ಕೆ ಆಧಾರವೇ ಇರಲಾರದು. ಗುಳಿಗೆಯ ಜಾಹೀರಾತುಗಳಲ್ಲಿ ಕಾಣದೆ ಇರುವುದೂ ಇದೇ.

ಹಾನಿಯನ್ನು ಅಳೆಯುವ ಬಗೆಯನ್ನು ಹೇಳದೆ ಮುಂದೆ ಹೋಗಲಾರೆ. ಕಮಟು ಹತ್ತಿದ ಕೊಬ್ಬಿನಲ್ಲಿ ಮ್ಯಾಲಾನ್‌ಡೈಆಲ್ಡಿಹೈಡ್ ಎಂಬ ವಸ್ತುವು ಹುಟ್ಟುವುದು. ಅದಕ್ಕೆ ಥಯೋಬಾರ್ಬಿಟ್ಯೂರಿಕ್ ಆಮ್ಲವನ್ನು ಬೆರಸಿ ಕಾಯಿಸಿದರೆ ಗುಲಾಬಿ ಬಣ್ಣವು ಬರುವುದು. ಬಣ್ಣವು ಗಾಢವಾದಷ್ಟೂ ಕೇಡು ಹೆಚ್ಚು. ಮಾಂಸವೋ ಎಣ್ಣೆಯೋ ಹಳಸಿತೇ ಎಂಬುದನ್ನು ಪರೀಕ್ಷಿಸಲು ಆಹಾರಶಾಸ್ತ್ರಜ್ಞರು ಬಳಸುವ ಪರೀಕ್ಷೆಯನ್ನೇ ಇಲಿಯ ಮೆದುಳಿಗೂ ಹೃದಯಕ್ಕೂ ಬಳಸುವರು! ಮತ್ತೊಂದು ಗುರುತು ಲಿಪೊಫಸ್ಸಿನ್ ಎಂಬ ಕಂದುಹಳದಿ ಕಸ. ಜೀವಕೋಶವು ಒಡೆಯಲಾರದೆ, ಹೊರಗೆ ಹಾಕಲಾರದೆ ಒಳಗೇ ಕೂಡಿಟ್ಟುಕೊಂಡ ಕೆಟ್ಟ ಕೊಬ್ಬು ಮತ್ತು ಪ್ರೋಟೀನಿನ ಶೇಷವದು. ಮುದಿ ಪ್ರಾಣಿಯ ಹೃದಯದಲ್ಲಿ, ನರಗಳಲ್ಲಿ ಇದು ಹೇರಳವಾಗಿರುವುದರಿಂದ ಇದನ್ನು ಮುಪ್ಪಿನ ಬಣ್ಣವೆಂದೂ ಕರೆಯುವರು.

೨೦೦೩ರಲ್ಲಿ ಆಶಾ ದೇವಿಯವರ ತಂಡವು ಇಲಿಗಳ ತಾಳಿಕೆಯ ಶಕ್ತಿಯನ್ನೂ ಹೃದಯದಲ್ಲಿನ ಈ ಬಣ್ಣವನ್ನೂ ಕಾವಲು ಕಿಣ್ವಗಳನ್ನೂ ಕುರಿತು ಎರಡು ಲೇಖನಗಳನ್ನು ಪ್ರಕಟಿಸಿತು. ೨೦೦೪ರಲ್ಲಿ ಮೆದುಳಿನ ಭಾಗಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ, ೨೦೦೬ರಲ್ಲಿ ಆ ಭಾಗಗಳಲ್ಲಿನ ಡಿಸ್ಮ್ಯೂಟೇಸಿನ ಬಗೆಗಳನ್ನೂ ಪ್ರೋಟೀನಿಗಾದ ಹಾನಿಯನ್ನೂ ಅಳೆದು ಬರೆಯಿತು. ಇವುಗಳಿಂದ ತಿಳಿದುಬಂದ ಸಂಗತಿಗಳಲ್ಲಿ ನನಗೆ ಬಹು ಮುಖ್ಯವೆಂದು ತೋರುವುದು ಇದು: ಮೆದುಳು ಒಂದೇ ಸಮನಾಗಿ ಮುಪ್ಪಾಗುವುದಿಲ್ಲ. ನೆನಪಿಗೆ ಆಧಾರವಾದ ಭಾಗವೂ ಆಲೋಚನೆಗೆ ಆಧಾರವಾದ ಭಾಗವೂ ವ್ಯಾಯಾಮಕ್ಕಾಗಲಿ ಜೀವಸತ್ವಕ್ಕಾಗಲಿ ಒಂದೇ ರೀತಿಯಲ್ಲಿ ಉತ್ತರ ಕೊಡುವುದಿಲ್ಲ. ‘ಮೆದುಳಿಗೆ ಒಳ್ಳೆಯದು’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದವರನ್ನು ‘ಯಾವ ಭಾಗಕ್ಕೆ?’ ಎಂದು ಕೇಳಬೇಕಾಗಿದೆ. ೨೦೧೧ರಲ್ಲಿ ಇದೇ ತಂಡವು ಜಪಾನಿನ ನವೊಕಿ ಇಶಿಯವರೊಡನೆ ಸೇರಿ ದ್ರಾಕ್ಷಿಬೀಜದ ಸಾರವು ಪ್ರಾಯದ ಮತ್ತು ನಡುವಯಸ್ಸಿನ ಇಲಿಗಳ ಮೆದುಳಿನಲ್ಲಿ ಉತ್ಕರ್ಷಣ ಒತ್ತಡವನ್ನು ತಗ್ಗಿಸುವುದೆಂದು ತೋರಿಸಿತು. ನಾವು ಉಗುಳಿಬಿಡುವ ಬೀಜ!

ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಹಣ್ಣಿನ ನೊಣಗಳ ಮೇಲೆ ಇಂಥ ಕೆಲಸ ನಡೆದಿದೆ. ರೊಟೆನೋನ್ ಎಂಬ ಕೀಟನಾಶಕದಿಂದ ನೊಣದ ನರಗಳಿಗೆ ಆಗುವ ಉತ್ಕರ್ಷಣದ ಹಾನಿಯನ್ನು ಬ್ರಾಹ್ಮಿಯ ಸಾರವು ತಗ್ಗಿಸುವುದೆಂದು ಅಲ್ಲಿಯವರು ೨೦೦೯ರಲ್ಲಿ ಪ್ರಕಟಿಸಿದರು. ಬಾಳೆಯ ಸಿಪ್ಪೆಯ ಮೇಲೆ ಮುಸುರುವ ಈ ಕ್ಷುದ್ರಜೀವಿಯ ಆಯುಷ್ಯವು ಕೆಲವು ವಾರಗಳಷ್ಟೇ ಆದದ್ದರಿಂದ ಪ್ರಯೋಗವು ಬೇಗ ಮುಗಿಯುವುದು.

ಇಷ್ಟರ ತನಕ ಓದಿದವರು ‘ಹಾಗಾದರೆ ಗುಳಿಗೆಯು ಒಳ್ಳೆಯದೇ ಅಲ್ಲವೇ?’ ಎನ್ನಬಹುದು. ಸ್ವಲ್ಪ ತಾಳಿರಿ. ಹಾನಿಯು ತಗ್ಗಿತೆಂಬುದೂ ಆಯುಷ್ಯವು ಬೆಳೆಯಿತೆಂಬುದೂ ಒಂದೇ ಅಲ್ಲ. ಈ ಎರಡನ್ನೂ ಬೇರ್ಪಡಿಸಿ ನೋಡಿದಾಗಲೇ ಹಾರ್ಮನ್ನನ ಊಹೆಗೆ ಕಷ್ಟಕಾಲ ಬಂತು.

ಕಿಣ್ವವನ್ನು ತಯಾರಿಸುವ ವಂಶವಾಹಿಯನ್ನೇ ತೆಗೆದುಹಾಕುವ ಅಥವಾ ಹೆಚ್ಚಿಸುವ ವಿದ್ಯೆಯು ಈಗ ಕೈವಶವಾಗಿದೆ. ೧೯೯೫ರಲ್ಲಿ ಮ್ಯಾಂಗನೀಸಿನ ಡಿಸ್ಮ್ಯೂಟೇಸ್ ಎಳ್ಳಷ್ಟೂ ಇಲ್ಲದ ಸುಂಡಿಲಿಗಳನ್ನು ಹುಟ್ಟಿಸಿದರು. ಅವು ಹೃದಯದ ರೋಗದಿಂದ ಹತ್ತು ದಿನಗಳೊಳಗೆ ಸತ್ತುಹೋದವು. ಕಾವಲುಗಾರನಿಲ್ಲದೆ ಮನೆ ನಿಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅದಕ್ಕಿಂತ ಒಂದು ವರುಷ ಮೊದಲು ಆರ್ ಮತ್ತು ಸೊಹಾಲ್ ಎಂಬವರು ಡಿಸ್ಮ್ಯೂಟೇಸನ್ನೂ ಕೆಟಲೇಸನ್ನೂ ಹೆಚ್ಚಾಗಿ ತಯಾರಿಸುವ ನೊಣಗಳು ಮೂರರಲ್ಲೊಂದು ಪಾಲಿನಷ್ಟು ಅಧಿಕ ಕಾಲ ಬದುಕಿದವೆಂದು ಸಾರಿದ್ದರು. ಜಗತ್ತೆಲ್ಲ ಹರ್ಷಿಸಿತು. ಆದರೆ ಅವರೇ, ತಮ್ಮ ಸಂಗಡಿಗರೊಂದಿಗೆ, ಸ್ವಭಾವತಃ ದೀರ್ಘಾಯುಗಳಾದ ನೊಣಗಳಲ್ಲಿ ಪುನಃ ಪರೀಕ್ಷಿಸಿ, ಹಾಗೇನೂ ಆಗುವುದಿಲ್ಲವೆಂದು ೨೦೦೩ರಲ್ಲಿ ಪ್ರಕಟಿಸಿದರು. ತಮ್ಮ ಕೀರ್ತಿಗೆ ಕಾರಣವಾದ ಫಲವನ್ನು ತಾವೇ ಮತ್ತೆ ಒರೆಗಲ್ಲಿಗೆ ಹಚ್ಚಿದ ಅವರ ನಡತೆಯನ್ನು ನಾನು ಬಹಳ ಮೆಚ್ಚುವೆನು. ೨೦೦೫ರಲ್ಲಿ ಮೈಟೊಕಾಂಡ್ರಿಯದೊಳಗೆ ಕೆಟಲೇಸನ್ನು ಇರಿಸಿದ ಸುಂಡಿಲಿಗಳು ಹೆಚ್ಚು ಕಾಲ ಬದುಕಿದವು. ಇದು ಊಹೆಯ ಪರವಾದ ಸಾಕ್ಷಿ. ಆದರೆ ೨೦೦೯ರಲ್ಲಿ ಅಮೇರಿಕದ ಟೆಕ್ಸಾಸಿನ ಶಾಸ್ತ್ರಜ್ಞರು ತಾವು ಪರೀಕ್ಷಿಸಿದ ೧೮ ಬಗೆಯ ಸುಂಡಿಲಿಗಳ ಲೆಕ್ಕವನ್ನು ಮುಂದಿಟ್ಟರು. ಕೆಲವುಗಳಲ್ಲಿ ಕಾವಲು ಕಿಣ್ವವು ಹೆಚ್ಚು, ಕೆಲವುಗಳಲ್ಲಿ ಕಡಿಮೆ. ಆಯುಷ್ಯವು ವ್ಯತ್ಯಾಸವಾದದ್ದು ಒಂದೇ ಬಗೆಯಲ್ಲಿ, ಅಂದರೆ ತಾಮ್ರ-ಸತುವಿನ ಡಿಸ್ಮ್ಯೂಟೇಸ್ ಪೂರ್ತಿಯಾಗಿ ಇಲ್ಲದವುಗಳಲ್ಲಿ ಮಾತ್ರ. ಅವು ಬೇಗ ಸತ್ತವು. ಮಿಕ್ಕ ಹದಿನೇಳರಲ್ಲಿ ಆಯುಷ್ಯವು ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ.

ಇದಕ್ಕಿಂತಲೂ ದೊಡ್ಡ ಒಗಟು ಆಫ್ರಿಕದ ಮೂಡಣ ಭಾಗದಲ್ಲಿ ನೆಲದೊಳಗೆ ಬಿಲ ತೋಡಿಕೊಂಡು ವಾಸಿಸುವ ಕೂದಲಿಲ್ಲದ ತೋಡಿಲಿ. ರೂಪದಲ್ಲಿ ಕುರೂಪಿ, ಗಾತ್ರದಲ್ಲಿ ಸುಂಡಿಲಿಗಿಂತ ಹೆಚ್ಚು ದೊಡ್ಡದಲ್ಲ. ಸುಂಡಿಲಿಯು ಮೂರು ವರುಷ ಬದುಕಿದರೆ ಇದು ಮೂವತ್ತು ವರುಷಕ್ಕೂ ಮೇಲ್ಪಟ್ಟು ಬದುಕುವುದು. ಇದರ ದೇಹದಲ್ಲಿ ಉತ್ಕರ್ಷಣದ ಹಾನಿಯು ಅತಿ ಕಡಿಮೆಯಿರಬೇಕೆಂದು ಎಲ್ಲರೂ ನೆನಸಿದ್ದರು. ೨೦೦೬ರಲ್ಲಿ ಅಳೆದು ನೋಡಿದಾಗ, ಎಳೆಯ ವಯಸ್ಸಿನಲ್ಲಿಯೇ ಸುಂಡಿಲಿಗಿಂತ ಹೆಚ್ಚಾದ ಹಾನಿ! ಆದರೂ ಅದು ನಿಶ್ಚಿಂತೆಯಿಂದ ಬದುಕುತ್ತಿದೆ.

ಆದದರಿಂದ ಈಗ ಬಹುಮಂದಿ ಶಾಸ್ತ್ರಜ್ಞರು ಹೇಳುವುದೇನೆಂದರೆ, ಉತ್ಕರ್ಷಣವು ಮುಪ್ಪಿನೊಡನೆ ಬರುವ ಅನೇಕ ಕೇಡುಗಳಲ್ಲಿ ಒಂದು. ಅದೊಂದೇ ಮುಪ್ಪಿನ ಮೂಲವಲ್ಲ. ಅಷ್ಟು ಮಾತ್ರವಲ್ಲದೆ ಸೂಪರಾಕ್ಸೈಡು, ಪೆರಾಕ್ಸೈಡುಗಳು ಬರಿಯ ಕಳ್ಳರೂ ಅಲ್ಲ. ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ಕೊಲ್ಲುವುದು ಇವುಗಳಿಂದಲೇ. ಒಂದು ಕೋಶವು ತನಗೊದಗಿದ ಕಷ್ಟವನ್ನು ತಿಳಿಸಿ ಕಾವಲನ್ನು ಹೆಚ್ಚಿಸಿಕೊಳ್ಳುವುದೂ ಸ್ವಲ್ಪ ಮಟ್ಟಿಗೆ ಇವುಗಳ ಮೂಲಕವೇ.

ಈ ಕೊನೆಯ ಮಾತಿನ ಸತ್ಯವು ಮನುಷ್ಯರಲ್ಲಿ ಕಂಡುಬಂತು. ೨೦೦೯ರಲ್ಲಿ ಜರ್ಮನಿಯಲ್ಲಿ ಯುವಕರಿಗೆ ನಾಲ್ಕು ವಾರ ವ್ಯಾಯಾಮವನ್ನು ಮಾಡಿಸಿ, ಅರ್ಧ ಮಂದಿಗೆ ಸಿ ಮತ್ತು ಇ ಜೀವಸತ್ವಗಳ ದೊಡ್ಡ ಗುಳಿಗೆಗಳನ್ನು ಕೊಟ್ಟರು. ವ್ಯಾಯಾಮದಿಂದ ಸಕ್ಕರೆಯನ್ನು ಬಳಸಿಕೊಳ್ಳುವ ಶಕ್ತಿಯು ಹೆಚ್ಚಬೇಕಷ್ಟೆ? ಗುಳಿಗೆ ತಿನ್ನದವರಲ್ಲಿ ಹೆಚ್ಚಿತು, ತಿಂದವರಲ್ಲಿ ಹೆಚ್ಚಲಿಲ್ಲ. ಡಿಸ್ಮ್ಯೂಟೇಸನ್ನು ದೇಹವು ತಾನಾಗಿ ಹೆಚ್ಚಿಸಿಕೊಳ್ಳುವುದಕ್ಕೂ ಗುಳಿಗೆಯು ಅಡ್ಡಿಯಾಯಿತು. ಬೆಂಗಳೂರಿನ ಇಲಿಗಳಲ್ಲಿ ವ್ಯಾಯಾಮವೂ ಜೀವಸತ್ವವೂ ಜೊತೆಯಾಗಿ ನಡೆದಿದ್ದವಲ್ಲ ಎಂದು ಕೇಳಬಹುದು. ಅಲ್ಲಿ ಅಳೆದದ್ದು ವಯಸ್ಸಾದ ಇಲಿಯ ಮೆದುಳು ಮತ್ತು ಹೃದಯಗಳಲ್ಲಿನ ಹಾನಿ. ಇಲ್ಲಿ ಅಳೆದದ್ದು ಪ್ರಾಯದ ಮನುಷ್ಯನು ಸಕ್ಕರೆಯನ್ನು ಬಳಸುವ ಬಗೆ. ಎರಡೂ ನಿಜವಾಗಿರಬಹುದು. ಒಂದರ ಫಲವನ್ನು ಮತ್ತೊಂದರ ಡಬ್ಬಿಯ ಮೇಲೆ ಅಂಟಿಸಬಾರದಷ್ಟೆ.

ಗುಳಿಗೆಯಿಂದ ಕೇಡೂ ಆಗಬಹುದೆಂಬುದಕ್ಕೆ ಎರಡು ದೊಡ್ಡ ಪರೀಕ್ಷೆಗಳು ಸಾಕ್ಷಿಯಾಗಿವೆ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ೨೯,೧೩೩ ಮಂದಿ ಗಂಡಸರ ಮೇಲೆ ನಡೆಸಿದ ಪರೀಕ್ಷೆಯ ಫಲವು ೧೯೯೪ರಲ್ಲಿ ಹೊರಬಂತು; ಬೀಟಾ ಕೆರೊಟಿನ್ ಗುಳಿಗೆಯನ್ನು ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಶೇಕಡ ೧೮ರಷ್ಟು ಹೆಚ್ಚಾಗಿತ್ತು. ಅಮೇರಿಕ ಮೊದಲಾದ ಕಡೆ ೩೫,೦೦೦ಕ್ಕೂ ಮಿಕ್ಕಿದ ಗಂಡಸರಿಗೆ ಇ ಜೀವಸತ್ವವನ್ನೂ ಸೆಲೆನಿಯಮನ್ನೂ ಕೊಟ್ಟು ನೋಡಿದ ಮತ್ತೊಂದು ಪರೀಕ್ಷೆಯಲ್ಲಿ, ದಿನಕ್ಕೆ ೪೦೦ ಯೂನಿಟ್ಟಿನ ಇ ಜೀವಸತ್ವವನ್ನು ಮಾತ್ರ ತಿಂದವರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಶೇಕಡ ೧೭ರಷ್ಟು ಅಧಿಕವೆಂದು ೨೦೧೧ರಲ್ಲಿ ಪ್ರಕಟವಾಯಿತು. ನೂರು ಗ್ರಾಮು ಶೇಂಗಾಬೀಜದಲ್ಲಿ ಸುಮಾರು ೮ ಮಿಲಿಗ್ರಾಮು ಇ ಜೀವಸತ್ವವಿರುವುದು. ಆ ೪೦೦ ಯೂನಿಟ್ಟಿನ ಒಂದೇ ಗುಳಿಗೆಯು ಎರಡು ಕಿಲೋಗೂ ಮೀರಿದ ಶೇಂಗಾಕ್ಕೆ ಸಮವಾಯಿತು! ದಿನವೂ ಅಷ್ಟನ್ನು ಯಾವ ಅತ್ತೆಯೂ ತಿನ್ನಲಾರಳು. ಊಟದ ಜೊತೆಗಿನ ಒಂದು ಚಮಚ ಶೇಂಗಾ ಚಟ್ನಿಪುಡಿಗೂ ಈ ಗುಳಿಗೆಗೂ ಹೆಸರಿನಲ್ಲಿ ಮಾತ್ರ ನಂಟು. ವೈದ್ಯರು ಕೊರತೆಯನ್ನು ಕಂಡು ಬರೆದುಕೊಟ್ಟ ಔಷಧದ ವಿಷಯವು ಬೇರೆ. ಅದನ್ನು ನನ್ನ ಮಾತಿನಿಂದ ಯಾರೂ ನಿಲ್ಲಿಸಬಾರದು.

ಪ್ರಯೋಗಶಾಲೆಯ ಪ್ರಾಣಿಗಳ ಆಯುಷ್ಯವನ್ನು ಬಹು ಕಾಲದಿಂದ ನಿಶ್ಚಯವಾಗಿ ಹೆಚ್ಚಿಸುತ್ತ ಬಂದಿರುವ ಉಪಾಯವೊಂದುಂಟು. ಅದಕ್ಕೆ ಗುಳಿಗೆ ಬೇಕಿಲ್ಲ. ೧೯೩೫ರಲ್ಲಿ ಅಮೇರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮೆಕೇ ಎಂಬವನು ಇಲಿಗಳಿಗೆ ಆಹಾರವನ್ನು ಮಿತಗೊಳಿಸಿ ಅವು ಬಹಳ ಕಾಲ ಬದುಕುವುದನ್ನು ತೋರಿಸಿದನು. ಇದನ್ನು ಓದಿ ಉಪವಾಸವೇ ಅಮೃತವೆಂದು ಹೇಳುವವರು ಹೆಚ್ಚಾಗಿರುವರು. ಆದರೆ ಮೆಕೇಯ ಇಲಿಗಳಿಗೆ ಕಡಿಮೆಯಾದದ್ದು ಶಾಖವನ್ನು ಕೊಡುವ ಅಂಶ ಮಾತ್ರ. ಪ್ರೋಟೀನು, ಲವಣ, ಜೀವಸತ್ವಗಳು ಕೊರತೆಯಾಗದಂತೆ ಅವನು ನೋಡಿಕೊಂಡಿದ್ದನು. ನಮ್ಮ ಬಳ್ಳಾರಿ ಸೀಮೆಯು ೧೮೭೬-೭೮ರ ಮಹಾಕ್ಷಾಮದಲ್ಲಿ ಕಂಡ ಹಸಿವನ್ನು ಇದರೊಂದಿಗೆ ಕಲಸಬಾರದು. ಬರಗಾಲದ ಹಸಿವು ಆಯುಷ್ಯವನ್ನು ಬೆಳೆಸುವುದಿಲ್ಲ, ಕತ್ತರಿಸುವುದು. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಗೃಹಿಣಿಗೆ ಮಿತಾಹಾರದ ಉಪದೇಶವು ತಕ್ಕದ್ದಲ್ಲ. ಅವಳಿಗೆ ತಕ್ಕದ್ದು ಮೊದಲ ಪಂಕ್ತಿಯ ಊಟ. ಜೋಳ, ನವಣೆ, ಬೇಳೆ, ಹಸುರು ಸೊಪ್ಪು, ನೆಲ್ಲಿ, ಹುಣಿಸೆ, ನುಗ್ಗೆ ಇವುಗಳಲ್ಲಿ ಕಾವಲು ಕಿಣ್ವಗಳಿಗೆ ಬೇಕಾದ ಸತು, ತಾಮ್ರ, ಮ್ಯಾಂಗನೀಸುಗಳೂ ಬೇಕಾದ ಜೀವಸತ್ವಗಳೂ ತಕ್ಕ ಪ್ರಮಾಣದಲ್ಲಿ ದೊರೆಯುವವು. ಎಣ್ಣೆಯನ್ನು ಮಾತ್ರ ಬಾಯಿ ಬಿಗಿದ ಪಾತ್ರೆಯಲ್ಲಿ ತುಂಬಿ ಬೆಳಕು ತಾಗದ ಮೂಲೆಯಲ್ಲಿ ಇಡಿರಿ. ಕರಿದು ಉಳಿದ ಎಣ್ಣೆಯನ್ನು ಪದೇ ಪದೇ ಕಾಯಿಸಬೇಡಿರಿ.

ಇನ್ನೊಂದು ಸಂಗತಿಯನ್ನು ಹೇಳಿ ಲೇಖನಿಯನ್ನು ಕೆಳಗಿಡುವೆನು. ಮೇಲೆ ಹೇಳಿದ ಪರೀಕ್ಷೆಗಳನ್ನು ಮತ್ತೊಮ್ಮೆ ನೋಡಿದರೆ ಗಂಡಸರು, ಯುವಕರು ಎಂಬ ಮಾತುಗಳೇ ಕಣ್ಣಿಗೆ ಬೀಳುವವು. ಪ್ರಯೋಗಶಾಲೆಗಳಲ್ಲಿಯೂ ಬಹು ಕಾಲದ ತನಕ ಗಂಡು ಇಲಿಗಳನ್ನೇ ಹೆಚ್ಚಾಗಿ ಬಳಸುತ್ತಿದ್ದರು. ಹೆಣ್ಣಿನ ದೇಹದ ಋತುಚಕ್ರವು ಲೆಕ್ಕವನ್ನು ಕೆಡಿಸುವುದೆಂಬ ನೆಪ. ಹೆಣ್ಣು ಪ್ರಾಣಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ನಿಯಮವನ್ನು ಅಮೇರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಜಾರಿಗೆ ತಂದದ್ದು ೨೦೧೬ರಲ್ಲಿ. ಆದರೆ ಅದಕ್ಕೂ ಮುಂಚೆ, ೨೦೦೩ರಲ್ಲಿ, ಸ್ಪೇನ್ ದೇಶದ ವಲೆನ್ಸಿಯದಲ್ಲಿ ವಿಸ್ಟಾರ್ ಇಲಿಗಳ ಹೆಣ್ಣು ಗಂಡುಗಳನ್ನು ಜೊತೆಯಾಗಿಟ್ಟು ಪರೀಕ್ಷಿಸಿದವರಿದ್ದರು. ಹೆಣ್ಣಿಲಿಯ ಮೈಟೊಕಾಂಡ್ರಿಯಗಳಿಂದ ಹೊರಬೀಳುವ ಪೆರಾಕ್ಸೈಡು ಗಂಡಿನದಕ್ಕಿಂತ ಬಹಳ ಕಡಿಮೆ. ಮ್ಯಾಂಗನೀಸಿನ ಡಿಸ್ಮ್ಯೂಟೇಸು, ಗ್ಲುಟಾಥಯೋನ್ ಪೆರಾಕ್ಸಿಡೇಸುಗಳನ್ನು ತಯಾರಿಸುವ ವಂಶವಾಹಿಗಳ ಕೆಲಸ ಹೆಚ್ಚು. ಅಂಡಾಶಯವನ್ನು ತೆಗೆದುಹಾಕಿದಾಗ ಈ ಮೇಲ್ಮೆಯು ಹೋಗಿ ಹೆಣ್ಣಿಲಿಯು ಗಂಡಿನಂತೆಯೇ ಆಯಿತು. ಈಸ್ಟ್ರೊಜನ್ ಎಂಬ ಸ್ತ್ರೀರಸವನ್ನು ಕೊಟ್ಟಾಗ ತಿರುಗಿ ಬಂತು.